ಬಗನಿ ಕಳ್ಳಿನ ಯೋಗ್ಯತೆ

ಶಿವಮೊಗ್ಗ ಜಿಲ್ಲೆಯ ಸೊರಬ, ಶಿಕಾರಿಪುರ ದ್ರಾಕ್ಷಿ ವೈನಿನ ಸೀಮೆಯಲ್ಲ. ಈ ಕಡೆಯ ಹಳೆಯ ಬಿಳಿ ಮದ್ಯ ಎಂದರೆ ಕಳ್ಳು. ದೀವರ ಸಮುದಾಯದವರು ತಲೆಮಾರುಗಳಿಂದ ಇಳಿಸುತ್ತಿದ್ದ ಬಗನಿ ಕಳ್ಳನ್ನು ಒಂದು ಕಸುಬಾಗಿ ತೂಗಿ ನೋಡಿದವರು ಕಡಿಮೆ. ಕುಡಿತದ ಪಿಡುಗು ಎಂದೋ ಜಾತಿಯ ಗುರುತು ಎಂದೋ ಹೇಳಿ ಮಾತು ಮುಗಿಸುತ್ತಾರೆ. ನನ್ನ ಮಟ್ಟಿಗೆ ಅದು ಮಲೆನಾಡಿನ ಅತಿ ನಾಜೂಕಿನ ಕಸುಬುಗಳಲ್ಲೊಂದು.

ಬಗನಿ ತಾಳೆಯ ಜಾತಿಯ ಮರ. ಅದು ಬೆಟ್ಟದ ಅಂಚಿನಲ್ಲಿ, ಹಳ್ಳದ ದಂಡೆಯಲ್ಲಿ ತಾನಾಗಿ ಹುಟ್ಟುತ್ತದೆ. ಹತ್ತು ಹದಿನೈದು ವರ್ಷ ಬರೀ ಬೆಳೆಯುತ್ತದೆ. ಆಮೇಲೆ ನೆತ್ತಿಯಿಂದ ಕೆಳಮುಖವಾಗಿ ಒಂದೊಂದೇ ಹೊಂಬಾಳೆ ಬಿಡುತ್ತ ಬಂದು, ಕೊನೆಯ ಗೊನೆ ಮುಗಿದ ಮೇಲೆ ಸಾಯುತ್ತದೆ. ಕಳ್ಳಿಗಾಗಿ ಈಚಲು ಮರದಲ್ಲಿ ಕಾಂಡವನ್ನೇ ಕೆತ್ತುತ್ತಾರೆ. ಬಗನಿಯಲ್ಲಿ ಕತ್ತಿ ತಾಗುವುದು ಹೊಂಬಾಳೆಗೆ ಮಾತ್ರ. ಮರಕ್ಕೆ ಬಿದಿರಿನ ಏಣಿ ಕಟ್ಟಿ ಹತ್ತಿ, ಹೂವು ಅರಳುವ ಮೊದಲೇ ಹೊಂಬಾಳೆಯನ್ನು ಮೆಲ್ಲಗೆ ಬಡಿದು, ತುದಿ ಕೊಯ್ದು ಮಡಕೆ ಕಟ್ಟಬೇಕು. ಬೆಳಿಗ್ಗೆ, ಸಂಜೆ ಮತ್ತೆ ಹತ್ತಿ ತೆಳ್ಳಗೆ ಕೊಯ್ಯದಿದ್ದರೆ ಗಾಯ ಒಣಗಿ ರಸ ನಿಂತುಹೋಗುತ್ತದೆ. ಬಡಿತ ಹೆಚ್ಚಾದರೆ ಹೊಂಬಾಳೆ ಹಾಳು, ಕಡಿಮೆಯಾದರೆ ರಸವೇ ಇಳಿಯದು. ಈ ಹದ ಕೈಗೆ ಹತ್ತಲು ವರ್ಷಗಳೇ ಬೇಕು.

ಬೆಳಗಿನ ಕಳ್ಳು ಹಾಲಿನಂತೆ ಬೆಳ್ಳಗೆ, ಸಿಹಿಯಾಗಿ, ತುಸು ನೊರೆಯಾಗಿ ಇರುತ್ತದೆ. ಮಡಕೆಯಲ್ಲೂ ಗಾಳಿಯಲ್ಲೂ ಇರುವ ಯೀಸ್ಟ್ ತಾನೇ ಕೆಲಸ ಶುರುಮಾಡುತ್ತದೆ. ಹೊತ್ತು ಏರಿದಂತೆ ಸಿಹಿ ಇಳಿದು ಹುಳಿ ಏರುತ್ತದೆ. ಮರುದಿನಕ್ಕೆ ಅದು ವಿನೆಗರ್‌ನ ದಾರಿ ಹಿಡಿದಿರುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಅದು ಹುಳಿಯುವುದನ್ನು ತಡೆಯುತ್ತದೆ, ಆದರೆ ಆಗ ಇಳಿಯುವುದು ಕಳ್ಳೇ ಅಲ್ಲ, ಹುಳಿಯದ ಸಿಹಿರಸ, ನೀರಾ. ಬಾಳಿಕೆ ಇಲ್ಲದಿರುವುದೇ ಕಳ್ಳಿನ ನಿಜವಾದ ದೋಷ. ದೂರದ ಅಂಗಡಿಗೆ ಸಾಗಿಸಹೊರಟಲ್ಲಿ ಕಲಬೆರಕೆ ಹುಟ್ಟುತ್ತದೆ. ರಾಯಚೂರು ಕಡೆ ಸೇಂದಿ ಎನ್ನುವ ಕಳ್ಳಿಗೆ ಸಿ.ಎಚ್. (ಕ್ಲೋರಲ್ ಹೈಡ್ರೇಟ್) ಪುಡಿ ಬೆರೆಸಿ ಜನರನ್ನು ಹಾಳುಮಾಡಿದ್ದು ಸುಳ್ಳಲ್ಲ.

ಆದರೆ ಕಳ್ಳಿನ ಮೇಲೆ ರಾಜ್ಯ ಸರ್ಕಾರ ಹೇರಿದ 2004ರ ನಿಷೇಧ ಬಗನಿ ಕಳ್ಳನ್ನೂ ಕಲಬೆರಕೆ ಸೇಂದಿಯನ್ನೂ ಒಂದೇ ತಕ್ಕಡಿಗೆ ಹಾಕಿತು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಕಳ್ಳಿಗೆ ಅವಕಾಶ ಉಳಿಯಿತು. ಘಟ್ಟದ ಮೇಲಿನ ಬಗನಿಗೆ ಉಳಿಯಲಿಲ್ಲ. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಆಗ ಹಣಕಾಸು ಖಾತೆ ಶಿಕಾರಿಪುರದ ಶಾಸಕ ಯಡಿಯೂರಪ್ಪನವರ ಕೈಯಲ್ಲಿತ್ತು. ಸಾರಾಯಿ ನಿಲ್ಲಬೇಕಾದದ್ದೇ, ಎಷ್ಟೋ ಮನೆ ಉಳಿದವು. ಅದೇ ವರ್ಷ ದ್ರಾಕ್ಷಿ ವೈನ್‌ಗೆ ಸರ್ಕಾರ ಪ್ರತ್ಯೇಕ ನೀತಿ ಮಾಡಿ, ಬೆಳೆಗಾರರ ಹಿತವೆಂದು ಪ್ರೋತ್ಸಾಹ ಕೊಟ್ಟಿತು. ಆ ವಿವೇಕದಲ್ಲಿ ಒಂದು ಪಾಲಾದರೂ ಬಗನಿಗೆ ಸಲ್ಲಬೇಕಿತ್ತು. ಮರಕ್ಕೆ ನಂಬರು ಹಾಕಿ, ಇಳಿಸುವವರಿಗೆ ಪರವಾನಗಿ ಕೊಟ್ಟು, ಇಳಿಸಿದ ದಿನವೇ ಊರಲ್ಲೇ ಮಾರಬೇಕೆಂದು ಕಟ್ಟು ಮಾಡಿದರೆ ಕಲಬೆರಕೆಗೆ ಎಡೆಯೇ ಕಡಿಮೆ. ಏಣಿ ಹತ್ತಬಲ್ಲವರು ಇನ್ನೂ ಇರುವಾಗಲೇ ಇದನ್ನು ಮಾಡಬೇಕು.