ಒಂದೇ ತಂತ್ರಾಂಶ, ಎರಡು ಐಕಾನ್

ಉಬುಂಟು ಅಥವಾ ಡೆಬಿಯನ್ ಇರುವ ಕಂಪ್ಯೂಟರಿಗೆ ‘ಬ್ಯಾಕ್ ಇನ್ ಟೈಮ್’ ಎಂಬ ಬ್ಯಾಕಪ್ ತಂತ್ರಾಂಶವನ್ನು ಹಾಕಿಕೊಂಡರೆ ಮೆನುವಿನಲ್ಲಿ ಎರಡು ಐಕಾನ್‌ಗಳು ಬಂದು ಕೂರುತ್ತವೆ. ಎರಡಕ್ಕೂ ಹೆಸರು ಒಂದೇ. ಒಂದರ ಮುಂದೆ ಮಾತ್ರ ಆವರಣದಲ್ಲಿ ‘ರೂಟ್’ ಎಂದಿರುತ್ತದೆ. ಮೊದಲನೆಯದನ್ನು ಒತ್ತಿದರೆ ನೇರವಾಗಿ ತೆರೆದುಕೊಳ್ಳುತ್ತದೆ. ಎರಡನೆಯದು ಪಾಸ್‌ವರ್ಡ್ ಕೇಳುತ್ತದೆ. ಯಾವುದನ್ನು ಯಾವಾಗ ಬಳಸಬೇಕೆಂಬುದನ್ನು ಮೆನು ಹೇಳುವುದಿಲ್ಲ. ಪಾಸ್‌ವರ್ಡ್ ಕೇಳುವುದಕ್ಕೆ ಶಕ್ತಿ ಹೆಚ್ಚಿರಬೇಕು, ಬ್ಯಾಕಪ್‌ನಂಥ ಕೆಲಸಕ್ಕೆ ಅದೇ ವಾಸಿ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಅಡ್ಮಿನ್ ಅಧಿಕಾರದ ಸುತ್ತ ಈ ತಂತ್ರಾಂಶ ಕೊಡುವ ತೊಂದರೆಗಳು ಆ ಅನಿಸಿಕೆಯಿಂದಲೇ ಶುರುವಾಗುತ್ತವೆ.

ಮೊದಲು ಅದರ ಗುಣವನ್ನು ಹೇಳಬೇಕು, ಏಕೆಂದರೆ ಗುಣವಿಲ್ಲದ ತಂತ್ರಾಂಶದ ದೋಷವನ್ನು ಇಷ್ಟು ಹೊತ್ತು ಚರ್ಚಿಸುವ ಅಗತ್ಯವಿಲ್ಲ. 2008ರ ಸುಮಾರಿಗೆ ಹುಟ್ಟಿ ಸ್ವಯಂಸೇವಕರ ಕೈಯಲ್ಲಿ ಬೆಳೆದ ಬ್ಯಾಕ್ ಇನ್ ಟೈಮ್, ನಕಲು ಮಾಡುವ ಕೆಲಸಕ್ಕೆ 1996ರಿಂದ ಬಳಕೆಯಲ್ಲಿರುವ ‘ಆರ್‌ಸಿಂಕ್’ ಅನ್ನು ನೆಚ್ಚಿಕೊಂಡಿದೆ. ಪ್ರತಿ ಸಲವೂ ಅದು ದಿನಾಂಕ, ಗಂಟೆಯ ಹೆಸರಿನಲ್ಲಿ ಒಂದು ಹೊಸ ಫೋಲ್ಡರ್ ಮಾಡುತ್ತದೆ. ನಿನ್ನೆಯಿಂದ ಬದಲಾಗದ ಫೈಲನ್ನು ಮತ್ತೆ ನಕಲಿಸದೆ ‘ಹಾರ್ಡ್ ಲಿಂಕ್’ ಹಾಕುತ್ತದೆ; ಎಂದರೆ ಡಿಸ್ಕಿನಲ್ಲಿ ಒಂದೇ ಕಡೆ ಇರುವ ದತ್ತಾಂಶಕ್ಕೆ ಎರಡು ಫೋಲ್ಡರುಗಳಲ್ಲಿ ಎರಡು ಹೆಸರು. ಹೀಗಾಗಿ ಪ್ರತಿ ದಿನದ ಫೋಲ್ಡರೂ ಪೂರ್ತಿಯಾಗಿ ಕಾಣುತ್ತದೆ, ಜಾಗ ಮಾತ್ರ ಬದಲಾದ ಫೈಲುಗಳಷ್ಟೇ ಹಿಡಿಯುತ್ತದೆ. ಇದರ ಬಹುದೊಡ್ಡ ಲಾಭವೆಂದರೆ, ಗುಪ್ತಲಿಪಿಯ ಬ್ಯಾಕಪ್ ಆರಿಸಿಕೊಳ್ಳದಿದ್ದರೆ, ನಾಳೆ ಈ ತಂತ್ರಾಂಶವೇ ಇಲ್ಲದಿದ್ದರೂ ಹಾರ್ಡ್ ಡಿಸ್ಕನ್ನು ಬೇರೊಂದು ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸಿ, ಸಾಮಾನ್ಯ ಫೈಲ್ ಮ್ಯಾನೇಜರಿನಲ್ಲೇ ಫೋಲ್ಡರ್ ತೆರೆದು ಬೇಕಾದದ್ದನ್ನು ಎತ್ತಿಕೊಳ್ಳಬಹುದು. ತನ್ನದೇ ಗೂಢ ಕಡತದೊಳಗೆ ಎಲ್ಲವನ್ನೂ ಕಟ್ಟಿಡುವ ತಂತ್ರಾಂಶಗಳ ನಡುವೆ ಈ ಪ್ರಾಮಾಣಿಕತೆ ನನಗೆ ತುಂಬ ಮೆಚ್ಚುಗೆಯಾದದ್ದು.

ಹಾಗಾದರೆ ಅಡ್ಮಿನ್ ಅಧಿಕಾರ ಯಾಕೆ ಬೇಕು? ನಮ್ಮ ಫೋಟೊ, ಪತ್ರ, ಪುಸ್ತಕಗಳ ಮಟ್ಟಿಗೆ ಬೇಡ. ಆದರೆ ವೈಫೈ ಪಾಸ್‌ವರ್ಡುಗಳು, ಬಳಕೆದಾರರ ಪಾಸ್‌ವರ್ಡ್ ಕಡತ, ಡೇಟಾಬೇಸಿನ ಫೋಲ್ಡರ್, ಮನೆಯ ಮತ್ತೊಬ್ಬರ ಖಾತೆ, ಇವನ್ನು ಓದುವ ಹಕ್ಕು ಸಾಮಾನ್ಯವಾಗಿ ನಮ್ಮ ಖಾತೆಗಿಲ್ಲ, ಲಿನಕ್ಸಿನ ಅಡ್ಮಿನ್ ಖಾತೆಯಾದ ರೂಟ್‌ಗಿದೆ. ಸಾಮಾನ್ಯ ಖಾತೆಯಿಂದ ಬ್ಯಾಕಪ್ ಮಾಡಹೊರಟರೆ ಆರ್‌ಸಿಂಕ್ ಅವನ್ನು ಬಿಟ್ಟು ಮುಂದೆ ಹೋಗಿ, ಕೊನೆಯಲ್ಲಿ 23 ಎಂಬ ಸಂಕೇತ ಕೊಟ್ಟು ನಿಲ್ಲುತ್ತದೆ. ಕೆಲಸ ಭಾಗಶಃ ಮಾತ್ರ ಆಗಿದೆ ಎಂದು ಅದರ ಅರ್ಥ. ವಾಪಸ್ ಹಾಕುವಾಗಲೂ ಇದೇ ಕಷ್ಟ: ಫೈಲೊಂದನ್ನು ಅದರ ಮೂಲ ಮಾಲೀಕನ ಹೆಸರಿಗೆ ಬರೆದುಕೊಡಲು ಲಿನಕ್ಸ್ ರೂಟ್‌ಗಷ್ಟೇ ಬಿಡುತ್ತದೆ. ಆದ್ದರಿಂದ ಅಧಿಕಾರ ಕೇಳುವುದು ತಪ್ಪಲ್ಲ. ಅದನ್ನು ಕೇಳುವ ರೀತಿಯ ಬಗ್ಗೆ ನನ್ನ ತಕರಾರು.

ರೂಟ್ ಐಕಾನ್ ಒತ್ತಿ ಪಾಸ್‌ವರ್ಡ್ ಕೊಟ್ಟ ಮೇಲೆ ತಂತ್ರಾಂಶದ ಇಡೀ ಕಿಟಕಿ ರೂಟ್ ಎಂಬ ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ ಓಡತೊಡಗುತ್ತದೆ. ನಿಮ್ಮ ಅಧಿಕಾರ ಹೆಚ್ಚಿತು ಎಂದುಕೊಳ್ಳುತ್ತೀರಿ. ನಿಜವಾಗಿ ನೀವು ಬೇರೆಯವರಾಗಿದ್ದೀರಿ. ನಿಮ್ಮ ಸೆಟ್ಟಿಂಗುಗಳು ಹೋಮ್ ಫೋಲ್ಡರಿನ ಒಳಗಿದ್ದವು. ರೂಟ್‌ನ ಸೆಟ್ಟಿಂಗುಗಳು ರೂಟ್‌ನ ಹೋಮ್‌ನಲ್ಲಿ. ವೇಳಾಪಟ್ಟಿಯನ್ನು ನೋಡಿಕೊಳ್ಳುವ ಕ್ರಾನ್ ಕೂಡ ಒಬ್ಬೊಬ್ಬರಿಗೆ ಒಂದೊಂದು. ಬ್ಯಾಕಪ್ ಹೋಗಿ ಕೂರುವ ದಾರಿಯಲ್ಲೂ ಬಳಕೆದಾರನ ಹೆಸರು ಸೇರಿರುವುದರಿಂದ ಅದೂ ಬೇರೆ. ತಿಂಗಳುಗಟ್ಟಲೆ ಬ್ಯಾಕಪ್ ತೆಗೆದವರು ಒಂದು ದಿನ ರೂಟ್ ಐಕಾನ್ ಒತ್ತಿದರೆ ಹೊಸದಾಗಿ ಹಾಕಿದ ತಂತ್ರಾಂಶದಂತೆ ಅದು ಎಲ್ಲವನ್ನೂ ಮೊದಲಿಂದ ಕೇಳುತ್ತದೆ. ಹಳೆಯದೆಲ್ಲ ಹೋಯಿತೆಂದು ಗಾಬರಿಯಾಗಿ ಮತ್ತೊಮ್ಮೆ ಎಲ್ಲ ತುಂಬಿಸಿದರೆ, ಅಂದಿನಿಂದ ಒಂದೇ ಡಿಸ್ಕಿಗೆ ಎರಡು ಬ್ಯಾಕಪ್‌ಗಳು ಒಂದರ ಅರಿವು ಇನ್ನೊಂದಕ್ಕಿಲ್ಲದೆ ನಡೆಯುತ್ತವೆ. ಡಿಸ್ಕ್ ಬೇಗ ತುಂಬುತ್ತದೆ. ರೂಟ್ ಹೆಸರಿನ ಫೋಲ್ಡರುಗಳನ್ನು ಅಳಿಸಲು ಹೋದರೆ ಅನುಮತಿ ಇಲ್ಲ ಎಂಬ ಉತ್ತರ ಬರುತ್ತದೆ.

ಇದಕ್ಕಿಂತ ಕಾಡುವುದು ಇನ್ನೊಂದಿದೆ. ರೂಟ್ ಆದ ಮೇಲೆ ಕೆಲವು ಸಂಗತಿಗಳು ಮೊದಲಿಗಿಂತ ಕಡಿಮೆ ಕಾಣುತ್ತವೆ. ದೂರದ ಕಂಪ್ಯೂಟರಿಗೆ ಎಸ್‌ಎಸ್‌ಎಚ್ ಮೂಲಕ ಬ್ಯಾಕಪ್ ಕಳುಹಿಸುತ್ತಿದ್ದರೆ ಅದರ ಕೀಲಿ ನಿಮ್ಮ ಹೋಮ್‌ನಲ್ಲಿದೆ, ಕೀಲಿಯ ಪಾಸ್‌ವರ್ಡ್ ನೀವು ಲಾಗಿನ್ ಆದಾಗ ತೆರೆಯುವ ಕೀರಿಂಗ್‌ನಲ್ಲಿದೆ. ರೂಟ್ ಬಳಿ ಎರಡೂ ಇಲ್ಲ. ಫೈಲ್ ಮ್ಯಾನೇಜರಿನಲ್ಲಿ ತೆರೆದ ನೆಟ್‌ವರ್ಕ್ ಫೋಲ್ಡರಿನ ಕಥೆ ಇನ್ನೂ ವಿಚಿತ್ರ. ಫ್ಯೂಸ್ ಎಂಬ ವ್ಯವಸ್ಥೆಯಲ್ಲಿ ಬಳಕೆದಾರ ಜೋಡಿಸಿಕೊಂಡ ಫೋಲ್ಡರಿಗೆ, ಅವನು ಬೇರೆ ಹೇಳದಿದ್ದರೆ, ರೂಟ್‌ಗೂ ಪ್ರವೇಶವಿಲ್ಲ. ಎಲ್ಲವನ್ನೂ ಮಾಡಬಲ್ಲವನೆಂದು ಹೆಸರಾದ ಖಾತೆಗೆ ‘ಅನುಮತಿ ನಿರಾಕರಿಸಲಾಗಿದೆ’ ಎಂಬ ಸಾಲು ಬಂದಾಗ ಡಿಸ್ಕೇ ಕೆಟ್ಟಿದೆ ಎಂದು ಹೊಸದನ್ನು ಕೊಂಡುತರುವವರಿದ್ದರೆ ಅವರನ್ನು ದೂರುವಂತಿಲ್ಲ.

ಇದು ಲಿನಕ್ಸಿಗೆ ಮಾತ್ರ ಅಂಟಿದ ರೋಗವೂ ಅಲ್ಲ. 2007ರಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದಾಗಿನಿಂದ ಅಲ್ಲಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿದ ಬ್ಯಾಕಪ್ ತಂತ್ರಾಂಶಕ್ಕೆ, ಬಳಕೆದಾರ ಜೋಡಿಸಿಟ್ಟ ನೆಟ್‌ವರ್ಕ್ ಡ್ರೈವ್ ಕಾಣದೆ ಹೋಗುವುದುಂಟು. ಅಡ್ಮಿನ್ ಆಗಿ ಓಡುವ ಪ್ರೋಗ್ರಾಮಿಗೆ ಬೇರೆಯೇ ಲಾಗಿನ್ ಅಧಿವೇಶನ ಸಿಗುತ್ತದೆ, ಡ್ರೈವಿನ ಜೋಡಣೆ ಹಳೆಯ ಅಧಿವೇಶನದಲ್ಲೇ ಉಳಿಯುತ್ತದೆ. ಬಳಕೆಯಲ್ಲಿರುವ ಫೈಲುಗಳ ನೆರಳು ಪ್ರತಿ (ಶ್ಯಾಡೋ ಕಾಪಿ) ತೆಗೆಯಲು ಅಡ್ಮಿನ್ ಅಧಿಕಾರ ಬೇಕೇ ಬೇಕು. ಆದರೆ ಅಧಿಕಾರ ಬಂದ ಕೂಡಲೇ ಬ್ಯಾಕಪ್ ಹೋಗಬೇಕಾದ ಜಾಗ ಮಾಯ. ಮ್ಯಾಕ್‌ನಲ್ಲಿ 2018ರ ಮೊಹಾವೆ ಆವೃತ್ತಿಯ ನಂತರ, ಟರ್ಮಿನಲ್‌ಗೆ ‘ಫುಲ್ ಡಿಸ್ಕ್ ಆ್ಯಕ್ಸೆಸ್’ ಕೊಡದಿದ್ದರೆ ಅಡ್ಮಿನ್ ಅಧಿಕಾರ ಕೊಡುವ ಸುಡೊ ಆಜ್ಞೆ ಬಳಸಿದರೂ ಮೇಲ್ ಫೋಲ್ಡರ್ ತೆರೆಯುವುದಿಲ್ಲ. ಮೂರು ವ್ಯವಸ್ಥೆಗಳಲ್ಲೂ ‘ಅಡ್ಮಿನ್ ಆಗಿ ಓಡಿಸಿ ನೋಡಿ’ ಎಂಬುದೇ ಎಲ್ಲರ ಬಾಯಲ್ಲಿರುವ ಮೊದಲ ಸಲಹೆ. ಯಾವ ಫೈಲ್ ಓದಲಾಗಲಿಲ್ಲ ಎಂದು ಕೇಳದೆ ಕೊಡುವ ಈ ಸಲಹೆ ಒಂದು ತೊಂದರೆಯನ್ನು ಕಳೆದು ಎರಡನ್ನು ತಂದಿಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಐಕಾನ್ ಒತ್ತಿದರೂ ಕಿಟಕಿಯೇ ತೆರೆಯದಿರುವುದು ಮತ್ತೊಂದು ಬಗೆಯ ದೂರು. ಇದಕ್ಕೆ ಹಿನ್ನೆಲೆಯಿದೆ. ಲಿನಕ್ಸಿನ ಪರದೆಯನ್ನು ದಶಕಗಳ ಕಾಲ ನಡೆಸಿದ ಎಕ್ಸ್ ಎಂಬ ವ್ಯವಸ್ಥೆಯ ಜಾಗಕ್ಕೆ ವೇಲ್ಯಾಂಡ್ ಬಂದಿದೆ. ಫೆಡೋರಾ 2016ರಲ್ಲಿ, ಉಬುಂಟು 2021ರ ಏಪ್ರಿಲ್ ಆವೃತ್ತಿಯಲ್ಲಿ ಅದನ್ನೇ ಮೊದಲ ಆಯ್ಕೆ ಮಾಡಿಕೊಂಡವು. ನೀವು ಲಾಗಿನ್ ಆಗಿರುವ ಪರದೆಯ ಮೇಲೆ ಬೇರೊಬ್ಬ ಬಳಕೆದಾರನ ಕಿಟಕಿ ತೆರೆಯುವುದನ್ನು ವೇಲ್ಯಾಂಡ್ ಪರಿಸರ ಸುಲಭವಾಗಿ ಒಪ್ಪುವುದಿಲ್ಲ. ಪಾಸ್‌ವರ್ಡ್ ಕೇಳುವ ಪಿಕೆಎಕ್ಸೆಕ್ ಕೂಡ ಪರಿಸರದ ವಿವರಗಳನ್ನು ಅಳಿಸಿಯೇ ಪ್ರೋಗ್ರಾಮನ್ನು ರೂಟ್‌ಗೆ ಒಪ್ಪಿಸುತ್ತದೆ. ಪರದೆ ಎಲ್ಲಿದೆ ಎಂಬ ಎಕ್ಸ್ ಕಾಲದ ವಿವರವನ್ನು ಉಳಿಸಿಕೊಳ್ಳಲು ಪ್ರತ್ಯೇಕ ಅನುಮತಿ ಬರೆದಿರಬೇಕು. ಟರ್ಮಿನಲ್‌ನಿಂದ ಓಡಿಸಿದರೆ ಪರದೆ ಸಿಗಲಿಲ್ಲ ಎಂಬ ಸಂದೇಶವಾದರೂ ಕಣ್ಣಿಗೆ ಬೀಳುತ್ತದೆ. ಮೆನುವಿನಿಂದ ಒತ್ತಿದವರಿಗೆ ಅದೂ ಕಾಣದು, ಪಾಸ್‌ವರ್ಡ್ ಕೊಟ್ಟ ನಂತರ ಏನೂ ಆಗುವುದಿಲ್ಲ. ಬ್ಯಾಕಪ್ ತಂತ್ರಾಂಶವೊಂದು ಹೀಗೆ ಮೌನವಾಗಿರುವುದನ್ನು ನಾನು ಗಂಭೀರ ದೋಷವೆಂದೇ ಎಣಿಸುತ್ತೇನೆ.

ಕಿಟಕಿ ತೆರೆಯದ ಈ ತೊಂದರೆಗೆ ಹರಿದಾಡುವ ಪರಿಹಾರ ಎಕ್ಸ್‌ಹೋಸ್ಟ್ ಎಂಬ ಆಜ್ಞೆ. ಸ್ಥಳೀಯ ರೂಟ್ ಒಬ್ಬನಿಗೆ ಮಾತ್ರ ಬಾಗಿಲು ತೆರೆಯುವ ರೂಪದಲ್ಲಿ ಅದನ್ನು ಬಳಸಿದರೆ ಕೆಲಸವಾಗುತ್ತದೆ, ಅಪಾಯವೂ ಮಿತಿಯಲ್ಲಿರುತ್ತದೆ. ಅದರ ಮುಂದೆ ಬರೀ ಕೂಡಿಸು ಚಿಹ್ನೆ ಹಾಕಿದರೆ ಪರದೆ ಯಾರಿಗೆ ಬೇಕಾದರೂ ತೆರೆದಂತೆ. ಆ ಸಲಹೆಯನ್ನು ಯಾರೂ ಪಾಲಿಸಬಾರದು. ಟರ್ಮಿನಲ್‌ನಲ್ಲಿ ಸುಡೊ ಸೇರಿಸಿ ಕಿಟಕಿಯನ್ನೇ ಓಡಿಸುವ ಹಳೆಯ ರೂಢಿಯಿಂದ ಬೇರೆ ಹಾನಿಯಿದೆ. ಉಬುಂಟುವಿನಲ್ಲಿ 19.10ರ ಆವೃತ್ತಿ ಬರುವವರೆಗೆ ಸುಡೊ ಬಳಕೆದಾರನ ಹೋಮ್ ವಿಳಾಸವನ್ನೇ ಉಳಿಸಿಕೊಳ್ಳುತ್ತಿತ್ತು. ರೂಟ್ ಆಗಿ ಓಡಿದ ಪ್ರೋಗ್ರಾಮ್ ನಿಮ್ಮ ಹೋಮ್‌ನೊಳಗೆ ರೂಟ್ ಮಾಲೀಕತ್ವದ ಸೆಟ್ಟಿಂಗ್ ಫೈಲುಗಳನ್ನು ಬರೆದುಬಿಡುತ್ತಿತ್ತು; ಮರುದಿನ ಸಾಮಾನ್ಯ ಐಕಾನ್ ಒತ್ತಿದರೆ ತನ್ನ ಸೆಟ್ಟಿಂಗನ್ನು ತಾನೇ ಉಳಿಸಲಾರದ ಸ್ಥಿತಿ. ವರ್ಷಗಳಿಂದ ಅಪ್‌ಗ್ರೇಡ್ ಮಾಡುತ್ತಲೇ ಬಂದ ಕಂಪ್ಯೂಟರುಗಳಲ್ಲಿ ಅಂಥ ಫೈಲುಗಳು ಈಗಲೂ ಉಳಿದಿರಬಹುದು. ಮಾಲೀಕನ ಹೆಸರನ್ನು ಸರಿಪಡಿಸುವ ಚೌನ್ ಆಜ್ಞೆಯೇ ಅದಕ್ಕೆ ಮದ್ದು.

ವೇಲ್ಯಾಂಡನ್ನು ಇಲ್ಲಿ ಬೈಯುವುದು ನ್ಯಾಯವಲ್ಲ. ಬಟನ್ನು, ಮೆನು, ಅಕ್ಷರಶೈಲಿ, ಚಿತ್ರಗಳನ್ನೆಲ್ಲ ಹೊತ್ತ ಸಾವಿರಾರು ಸಾಲುಗಳ ಕಿಟಕಿಯೊಂದು ಪೂರ್ಣಾಧಿಕಾರದಲ್ಲಿ ಓಡುವುದೇ ಮೂಲದಲ್ಲಿ ತಪ್ಪು. ಬಹಳ ಚಿಕ್ಕ ಪ್ರೋಗ್ರಾಮಾದ ಪಿಕೆಎಕ್ಸೆಕ್‌ನಲ್ಲೇ, ಯಾವ ಸಾಮಾನ್ಯ ಬಳಕೆದಾರನಾದರೂ ರೂಟ್ ಆಗಿಬಿಡಬಹುದಾದ ದೋಷವೊಂದು 2009ರಿಂದ ಅಡಗಿತ್ತು; ಭದ್ರತಾ ಸಂಸ್ಥೆ ಕ್ವಾಲಿಸ್ ಅದನ್ನು ಬಯಲಿಗೆ ತಂದದ್ದು 2022ರ ಜನವರಿಯಲ್ಲಿ. ಅಷ್ಟು ಚಿಕ್ಕದರಲ್ಲೇ ಹೀಗಾದರೆ, ಅಧಿಕಾರ ಪಡೆದ ಭಾಗ ಎಷ್ಟು ಸಣ್ಣದಿದ್ದರೆ ಅಷ್ಟು ಒಳ್ಳೆಯದು. ಕಿಟಕಿ ನಿಮ್ಮದೇ ಹೆಸರಿನಲ್ಲಿರಲಿ. ರೂಟ್‌ಗೆ ಸೇರಿದ ಫೈಲನ್ನು ಓದುವ, ಬರೆಯುವ ತುಂಡು ಮಾತ್ರ ಹಿಂದೆ ನಿಂತು, ಬೇಕಾದಾಗ ಪಾಸ್‌ವರ್ಡ್ ಕೇಳಿ, ಆ ಕೆಲಸ ಮುಗಿಸಲಿ.

ಹೀಗೆ ಮಾಡುವುದು ಈ ತಂತ್ರಾಂಶಕ್ಕೆ ಗೊತ್ತಿಲ್ಲವೆಂದಲ್ಲ. ಹಾರ್ಡ್ ಡಿಸ್ಕ್ ಸಿಕ್ಕಿಸಿದ ಕೂಡಲೇ ಬ್ಯಾಕಪ್ ಶುರುವಾಗಲಿ ಎಂದು ಸಾಮಾನ್ಯ ಐಕಾನ್‌ನಲ್ಲೇ ಆಯ್ಕೆ ಮಾಡಬಹುದು. ಅದಕ್ಕೆ ವ್ಯವಸ್ಥೆಯ ಫೋಲ್ಡರಿನಲ್ಲಿ ಒಂದು ನಿಯಮವನ್ನು ಬರೆಯಬೇಕಾಗುತ್ತದೆ. ಆಗ ಕಿಟಕಿ ರೂಟ್ ಆಗುವುದಿಲ್ಲ. ಪ್ರೋಗ್ರಾಮುಗಳು ಪರಸ್ಪರ ಸಂದೇಶ ಕಳುಹಿಸುವ ಡಿ-ಬಸ್ ಮೂಲಕ ಒಂದು ಪುಟ್ಟ ಸಹಾಯಕ ಪ್ರೋಗ್ರಾಮ್ ಎದ್ದು, ಪಾಸ್‌ವರ್ಡ್ ಕೇಳಿ, ತನಗೆ ಒಪ್ಪಿತವಾದ ನಿಯಮವನ್ನಷ್ಟೇ ಬರೆಯುತ್ತದೆ. ಅಚ್ಚುಕಟ್ಟಾದ ಕೆಲಸ. ಅದೇ ದಾರಿಯನ್ನು ಫೈಲು ಓದುವುದಕ್ಕೂ ವಿಸ್ತರಿಸದೆ ಬಿಟ್ಟದ್ದೇ ಇದರ ದೊಡ್ಡ ಕೊರತೆ. ಕೆಲವೇ ಸ್ವಯಂಸೇವಕರು ನಡೆಸುವ ಯೋಜನೆಗೆ ಅದು ಸಣ್ಣ ಕೆಲಸವಲ್ಲ ಎಂಬುದನ್ನು ಬಲ್ಲೆ. ಆದರೂ ಮೊದಲು ಆಗಬೇಕಾದದ್ದು ಅದೇ.

ಇದರ ಜೊತೆಗಾರರು ಈ ಪ್ರಶ್ನೆಯನ್ನು ಬೇರೆ ರೀತಿ ಬಗೆಹರಿಸಿಕೊಂಡಿದ್ದಾರೆ. ಲಿನಕ್ಸ್ ಮಿಂಟ್ ತಂಡ ನೋಡಿಕೊಳ್ಳುವ ಟೈಮ್‌ಶಿಫ್ಟ್ ಯಾವಾಗಲೂ ರೂಟ್ ಆಗಿಯೇ ಓಡುತ್ತದೆ, ವ್ಯವಸ್ಥೆಯ ಫೈಲುಗಳನ್ನು ಮಾತ್ರ ಕಾಯುತ್ತದೆ. ನಾವಾಗಿ ಹೇಳದೆ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ. ಗ್ನೋಮ್ ಬಳಗದ ಡೇಜಾ ಡೂಪ್ ಹೋಮ್ ಫೋಲ್ಡರಿನದ್ದೇ ತನ್ನ ಕೆಲಸವೆಂದು ಸಾಮಾನ್ಯ ಬಳಕೆದಾರನಾಗಿಯೇ ಉಳಿಯುತ್ತದೆ. ಎರಡೂ ತಮ್ಮ ಗಡಿಯನ್ನು ಸ್ಪಷ್ಟವಾಗಿ ಹೇಳಿಕೊಂಡಿವೆ. ಬ್ಯಾಕ್ ಇನ್ ಟೈಮ್ ಎರಡನ್ನೂ ಮಾಡಬಲ್ಲದು. ಆ ಉದಾರತೆಗೆ ತಕ್ಕ ವಿವರಣೆ ಅದರ ಪರದೆಯಲ್ಲಿಲ್ಲ.

ತೊಂದರೆ ಬಂದಾಗ ನಾನು ಒಪ್ಪುವ ಕ್ರಮವೆಂದರೆ ಮೊದಲು ‘ಇದನ್ನು ಯಾರು ಓಡಿಸುತ್ತಿದ್ದಾರೆ’ ಎಂದು ನೋಡುವುದು. ಎರಡೂ ಖಾತೆಗಳ ಕ್ರಾನ್ ಪಟ್ಟಿಯನ್ನು ಬೇರೆ ಬೇರೆಯಾಗಿ ತೆರೆದರೆ ಅರ್ಧ ಗುಟ್ಟು ಹೊರಬರುತ್ತದೆ. ಮುಂದಿನದು ಬ್ಯಾಕಪ್‌ನ ದಾಖಲೆಯಾದ ಲಾಗ್. ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವವರು ಇಲ್ಲಿ ಒಂದನ್ನು ತಿಳಿದಿರಬೇಕು. ಭಾಷೆಯ ಸೆಟ್ಟಿಂಗ್ ಇಲ್ಲದ ಪರಿಸರದಲ್ಲಿ ಆರ್‌ಸಿಂಕ್ ಓಡಿದರೆ ‘ಕ’ ಅಕ್ಷರವನ್ನು ಲಾಗ್‌ನಲ್ಲಿ \#340\#262\#225 ಎಂದು ಬರೆಯುತ್ತದೆ. ಯೂನಿಕೋಡಿನಲ್ಲಿ ಆ ಅಕ್ಷರಕ್ಕಿರುವ ಮೂರು ಬೈಟುಗಳು ಅವು. ಅದನ್ನು ಕಂಡು ಫೈಲುಗಳೇ ಹಾಳಾದವೆಂದು ಹೆದರಬೇಕಿಲ್ಲ, ನಕಲಿನಲ್ಲಿ ಹೆಸರು ಸರಿಯಾಗಿಯೇ ಇರುತ್ತದೆ. ಸಂಕೇತ 23 ಬಂದಿದ್ದರೆ ಅದರ ಮೇಲಿನ ಸಾಲುಗಳಲ್ಲಿ ಯಾವ ಫೈಲ್ ಎಂದಿರುತ್ತದೆ. ಅದು ಕ್ಯಾಶ್ ಫೋಲ್ಡರಿನದ್ದಾದರೆ ಬ್ಯಾಕಪ್‌ನಿಂದ ಹೊರಗಿಟ್ಟರೆ ಮುಗಿಯಿತು. ರೂಟ್ ಆಗುವ ಪ್ರಮೇಯವೇ ಇಲ್ಲ.

ನಿಜವಾಗಿ ರೂಟ್ ಬೇಕಾದವರು ರೂಟ್ ಐಕಾನ್‌ನಲ್ಲಿ ವ್ಯವಸ್ಥೆಯ ಫೋಲ್ಡರುಗಳನ್ನು ಮಾತ್ರ ಇಟ್ಟುಕೊಂಡು, ಹೋಮ್ ಫೋಲ್ಡರನ್ನು ಸಾಮಾನ್ಯ ಐಕಾನ್‌ಗೆ ಬಿಡುವುದು ಒಳ್ಳೆಯದು. ಡಿಸ್ಕ್ ಎಕ್ಸ್‌ಟಿ4ನಂಥ ಲಿನಕ್ಸ್ ರೂಪದಲ್ಲಿರಲಿ. ಪೆನ್‌ಡ್ರೈವುಗಳ ಫ್ಯಾಟ್ ರೂಪದಲ್ಲಿ ಹಾರ್ಡ್ ಲಿಂಕೂ ಇಲ್ಲ, ಮಾಲೀಕನ ಹೆಸರೂ ಉಳಿಯದು. ಕೊನೆಗೆ, ಬ್ಯಾಕಪ್ ಸರಿಯಿದೆಯೇ ಎಂದು ತಿಳಿಯಲು, ವೈಫೈ ಜೋಡಣೆಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರಿನ ಒಂದು ಫೈಲನ್ನು ವಾಪಸ್ ಹಾಕಿ ನೋಡಬೇಕು. ಮಾಲೀಕ ರೂಟ್ ಆಗಿರದಿದ್ದರೆ, ಅಥವಾ ಬೇರೆಯವರೂ ಓದುವಂತಿದ್ದರೆ, ನೆಟ್‌ವರ್ಕ್ ಮ್ಯಾನೇಜರ್ ಆ ಫೈಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಳೆಯ ವೈಫೈ ಪಾಸ್‌ವರ್ಡ್ ಕೇಳದೆ ತಾನಾಗಿ ಜೋಡಣೆಯಾದರೆ ಅನುಮತಿಗಳ ಸಮೇತ ಬ್ಯಾಕಪ್ ಸರಿಯಾಗಿದೆ ಎಂದು ತಿಳಿಯಬಹುದು.