ಮಾವಿನ ಓಟೆಯ ಪೀಪಿ

ಒಂದು ಪುಸ್ತಕ ಓದಿದ್ದೇ ತಡ, ಬದುಕೇ ಬದಲಾಯಿತು ಎಂದು ಯಾರಾದರೂ ಹೇಳಿದರೆ ನನಗೆ ತಟ್ಟನೆ ನಂಬಿಕೆ ಬರುವುದಿಲ್ಲ. ನಾವು ಹೆಂಗಸರು ಓದುವುದೇ ಒಲೆಯ ಮೇಲೆ ಹಾಲಿಟ್ಟು. ಕಥಾನಾಯಕಿ ಬಾವಿಕಟ್ಟೆಯ ಮೇಲೆ ನಿಂತ ಹೊತ್ತಿಗೆ ಸರಿಯಾಗಿ ಹಾಲು ಉಕ್ಕುತ್ತದೆ. ಪುಸ್ತಕ ಬೋರಲು ಹಾಕಿ ಎದ್ದು ಹೋಗಿ ಬರುವಷ್ಟರಲ್ಲಿ, ಬದುಕು ಬದಲಾಗುವ ಮಾತಿರಲಿ, ಎಲ್ಲಿಯವರೆಗೆ ಓದಿದ್ದೆ ಎಂಬುದೇ ಮರೆತಿರುತ್ತದೆ.

ಆದರೂ ಹಾಗೆ ನಿಜವಾಗಿ ಬದಲಾದ ಒಂದು ಬದುಕು ನನ್ನನ್ನು ಬಹಳ ದಿನದಿಂದ ಕಾಡಿಸಿದೆ. ಅದು ಸತ್ಯಜಿತ್ ರಾಯ್ ಅವರದು. ಅವರ ಕಥೆಯನ್ನು ಸಾಮಾನ್ಯವಾಗಿ ಮೂರು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ: 'ಪಥೇರ್ ಪಾಂಚಾಲಿ' ಕಾದಂಬರಿ ಓದಿದರು, ಸಿನಿಮಾ ಮಾಡಿದರು, ಲೋಕಪ್ರಸಿದ್ಧರಾದರು. ಮೊದಲನೆಯ ವಾಕ್ಯಕ್ಕೂ ಮೂರನೆಯದಕ್ಕೂ ನಡುವೆ ಹತ್ತು ವರ್ಷಗಳಿಗೂ ಮೀರಿದ ಕಾಲವಿದೆ, ಅಡವಿಟ್ಟ ಒಡವೆಗಳಿವೆ, ಹಲವು ಹೆಂಗಸರಿದ್ದಾರೆ. ನನಗೆ ಹೇಳಬೇಕಾಗಿರುವುದು ಆ ನಡುವಿನ ಕಥೆ.

ರಾಯ್ ಹುಟ್ಟಿದ್ದು 1921ರಲ್ಲಿ, ಕಲ್ಕತ್ತೆಯಲ್ಲಿ. ತಾತ ಉಪೇಂದ್ರಕಿಶೋರ್, ತಂದೆ ಸುಕುಮಾರ್ ಇಬ್ಬರೂ ಮಕ್ಕಳಿಗಾಗಿ ಬರೆದು ಬಂಗಾಳದ ಮನೆಮಾತಾದವರು. ತಂದೆ ತೀರಿಕೊಂಡಾಗ ಹುಡುಗನಿಗೆ ಮೂರು ತುಂಬಿರಲಿಲ್ಲ. ತಾಯಿ ಸುಪ್ರಭಾ ವಿಧವೆಯರ ಒಂದು ಸಂಸ್ಥೆಯಲ್ಲಿ ಹೊಲಿಗೆ ಕಸೂತಿ ಕಲಿಸಿ ಮಗನನ್ನು ಬೆಳೆಸಿದರು. ಶಾಂತಿನಿಕೇತನದಲ್ಲಿ ಚಿತ್ರಕಲೆ ಕಲಿತ ಮಗ 1943ರಲ್ಲಿ ಇಂಗ್ಲಿಷರ ಒಂದು ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುವ ಕೆಲಸಕ್ಕೆ ಸೇರಿದ. ತಿಂಗಳಿಗೆ ಎಂಬತ್ತು ರೂಪಾಯಿ ಸಂಬಳ. ಪಟ್ಟಣದ ಹುಡುಗ, ಓದುತ್ತಿದ್ದದ್ದು ಹೆಚ್ಚಾಗಿ ಇಂಗ್ಲಿಷ್ ಪುಸ್ತಕಗಳನ್ನು. ತನ್ನ ಭಾಷೆಯಲ್ಲೇ 1929ರಲ್ಲಿ ಪುಸ್ತಕವಾಗಿ ಬಂದು ಹೆಸರು ಮಾಡಿದ್ದ 'ಪಥೇರ್ ಪಾಂಚಾಲಿ'ಯನ್ನು ಅವರು ಓದಿರಲೇ ಇಲ್ಲ!

ಅದೇ ಕಂಪನಿಯಲ್ಲಿದ್ದ ದಿಲೀಪ್ ಕುಮಾರ್ ಗುಪ್ತ ಎಂಬವರು ಸಿಗ್ನೆಟ್ ಪ್ರೆಸ್ ಎಂಬ ಪ್ರಕಾಶನ ಶುರುಮಾಡಿದ್ದರು. ಬಿಭೂತಿಭೂಷಣ ಬಂದೋಪಾಧ್ಯಾಯರ ಆ ಕಾದಂಬರಿಯನ್ನು ಮಕ್ಕಳಿಗಾಗಿ ಸಂಕ್ಷೇಪಿಸಿ ತರುವುದು, ಅದಕ್ಕೆ ರಾಯ್ ಚಿತ್ರ ಬರೆದುಕೊಡುವುದು ಎಂದು ಮಾತಾಯಿತು. ಆ ಪುಟ್ಟ ಪುಸ್ತಕದ ಹೆಸರು 'ಆಮ್ ಆಂಟಿರ್ ಭೇಂಪು', ಎಂದರೆ ಮಾವಿನ ಓಟೆಯ ಪೀಪಿ. ಮೊಳಕೆಯೊಡೆದ ಓಟೆಯನ್ನು ಕಲ್ಲಿಗೆ ಉಜ್ಜಿ ಊದುವ ಆ ಆಟಿಕೆ ನಮ್ಮ ಹಳ್ಳಿಯ ಮಕ್ಕಳಿಗೂ ಹೊಸದಲ್ಲ. ಕೈಮುಗಿದು ಬರಮಾಡಿಕೊಂಡ ಮಹಾಗ್ರಂಥವಾಗಿ ಅಲ್ಲ, ಹೊಟ್ಟೆಪಾಡಿನ ಕೆಲಸವಾಗಿ, ಅದೂ ಮಕ್ಕಳ ಪುಸ್ತಕದ ವೇಷದಲ್ಲಿ ಅವರ ಭಾಗ್ಯ ಮೇಜಿನ ಮೇಲೆ ಬಂದು ಕೂತಿತು.

ಚಿತ್ರ ಬರೆಯಲು ಓದುವ ಓದು ಬೇರೆಯೇ ಎಂದು ನನಗನ್ನಿಸುತ್ತದೆ. ಸೀರೆಯ ಅಂಚಿನ ಕಸೂತಿಯನ್ನು ನೋಡಿ 'ಚೆನ್ನಾಗಿದೆ' ಎನ್ನುವುದು ಒಂದು. ಅದನ್ನೇ ಎಳೆ ಎಣಿಸಿ ನಮ್ಮ ಬಟ್ಟೆಗೆ ಇಳಿಸಿಕೊಳ್ಳುವುದು ಇನ್ನೊಂದು. ನಾವು 'ಮುದುಕಿ ಜಗಲಿಯ ಮೇಲೆ ಕೂತಿದ್ದಳು' ಎಂದು ಓದಿ ಮುಂದೆ ಹೋಗುತ್ತೇವೆ. ಚಿತ್ರ ಬರೆಯುವವನು ನಿಲ್ಲಬೇಕು. ಹೇಗೆ ಕೂತಿದ್ದಳು? ಬೆನ್ನು ಎಷ್ಟು ಬಾಗಿತ್ತು? ಹರಿದ ಸೆರಗನ್ನು ಎಲ್ಲಿ ಸಿಕ್ಕಿಸಿಕೊಂಡಿದ್ದಳು? ಮಳೆಯಲ್ಲಿ ಅಕ್ಕ ತಮ್ಮನನ್ನು ಯಾವ ಕೈಯಿಂದ ಬಳಸಿಕೊಂಡಳು? ಇಷ್ಟನ್ನೂ ಕಣ್ಣಿಗೆ ತಂದುಕೊಳ್ಳದೆ ಒಂದು ಗೆರೆ ಮೂಡುವುದಿಲ್ಲ. ನಿಶ್ಚಿಂದಿಪುರ ಎಂಬ ಆ ಹಳ್ಳಿ, ಹಳ್ಳಿ ಕಾಣದ ಆ ತರುಣನೊಳಗೆ ಇಳಿದದ್ದು ಬೆರಳುಗಳ ಮೂಲಕ. ಸಂಕ್ಷೇಪದಲ್ಲಿ ಕಾದಂಬರಿಯ ರೆಂಬೆಕೊಂಬೆಗಳೆಲ್ಲ ಕಡಿದುಹೋಗಿ ಅಕ್ಕ, ತಮ್ಮ, ತಾಯಿ, ಮುದುಕಿ ಇಷ್ಟೇ ಉಳಿದಾಗ ಸಿನಿಮಾದ ಹಂದರ ತಾನಾಗಿ ಕಾಣಿಸಿತು. ಇದು ಒಳ್ಳೆಯ ಸಿನಿಮಾ ಆದೀತು ಎಂದು ಗುಪ್ತರೂ ಹೇಳಿದ್ದರು. ಆಗ ಬರೆದ ಚಿತ್ರಗಳಲ್ಲಿ ಕೆಲವು ಮುಂದೆ ಸಿನಿಮಾದ ದೃಶ್ಯಗಳೇ ಆದವು.

ಆದರೆ ಮರುದಿನವೇ ಅವರು ಕೆಲಸ ಬಿಟ್ಟು ಹೊರಡಲಿಲ್ಲ. ಸಂಬಳ ಎಣಿಸಿಕೊಂಡು ಜಾಹೀರಾತು ಮಾಡುತ್ತಲೇ ಇದ್ದರು. 1947ರಲ್ಲಿ ಗೆಳೆಯರೊಂದಿಗೆ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. 1950ರಲ್ಲಿ ಕಂಪನಿಯೇ ಲಂಡನ್ನಿಗೆ ಕಳಿಸಿತು. ಅಲ್ಲಿ ಕಂಡ ಸಿನಿಮಾಗಳಲ್ಲಿ ಇಟಲಿಯ 'ಬೈಸಿಕಲ್ ಥೀವ್ಸ್' ಒಂದು. ವೃತ್ತಿನಟರಿಲ್ಲದೆ, ಸ್ಟುಡಿಯೋ ಬಿಟ್ಟು ಬೀದಿಯಲ್ಲೇ ತೆಗೆದ ಆ ಚಿತ್ರ, ಇದು ನಿನ್ನಿಂದಲೂ ಸಾಧ್ಯ ಎಂದು ಹೇಳಿದಂತಾಯಿತು. ಹಡಗಿನಲ್ಲಿ ಹಿಂತಿರುಗುವಾಗ 'ಪಥೇರ್ ಪಾಂಚಾಲಿ'ಗೆ ಟಿಪ್ಪಣಿ ಬರೆಯತೊಡಗಿದರು. ಬೀಜ ಬಿದ್ದದ್ದು ಪುಸ್ತಕದಿಂದ, ನೀರು ಬಂದದ್ದು ಬೇರೆ ಕಡೆಯಿಂದ.

ಅದೇ 1950ರ ನವೆಂಬರ್ 1ರಂದು ಬಿಭೂತಿಭೂಷಣರು ತೀರಿಕೊಂಡರು. ಕಾದಂಬರಿಯ ಹಕ್ಕು ಅವರ ಪತ್ನಿ ರಮಾ ಅವರ ಕೈಗೆ ಬಂತು. ಒಂದೂ ಸಿನಿಮಾ ಮಾಡದ, ದುಡ್ಡಿಲ್ಲದ ಈ ಜಾಹೀರಾತಿನವನಿಗೆ ಗಂಡನ ಪುಸ್ತಕವನ್ನು ಕೊಡುವುದೇ ಎಂದು ಹಿತೈಷಿಗಳು ಅವರಿಗೆ ಬುದ್ಧಿ ಹೇಳಿದರು. ಆಕೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಸಿನಿಮಾದ ಚರಿತ್ರೆ ಬರೆಯುವವರು ಈ ಮಾತನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ.

1952ರ ಅಕ್ಟೋಬರ್ 27ರಂದು ಚಿತ್ರೀಕರಣ ಆರಂಭವಾಯಿತು. ಬಿಳಿಯ ಹೂಗೊಂಚಲು ತೂಗುವ ಕಾಶದ ಹುಲ್ಲಿನ ಬಯಲಲ್ಲಿ ಅಕ್ಕ ತಮ್ಮಂದಿರ ಓಟ. ಅರ್ಧ ತೆಗೆದು, ಉಳಿದದ್ದಕ್ಕೆಂದು ಕೆಲವು ದಿನ ಬಿಟ್ಟು ಹೋದರೆ ದನಗಳು ಹೂವನ್ನೆಲ್ಲ ಮೇಯ್ದುಬಿಟ್ಟಿದ್ದವು! ಮತ್ತೆ ಹೂ ಬಿಡುವ ಕಾಲಕ್ಕಾಗಿ ಒಂದು ವರ್ಷ ಕಾಯಬೇಕಾಯಿತು. ಹಣವೂ ದನ ಮೇಯ್ದ ಹುಲ್ಲಿನಂತೆಯೇ. ವಿಮೆಯ ದುಡ್ಡು ಮುಗಿಯಿತು. ಪುಸ್ತಕಗಳು, ಗ್ರಾಮಫೋನ್ ರೆಕಾರ್ಡುಗಳು ಮಾರಾಟವಾದವು. ಕೊನೆಗೆ ಪತ್ನಿ ಬಿಜೊಯಾ ಅವರ ಒಡವೆ ಅಡವಿಗೆ ಹೋಯಿತು. ಅದೂ ಸಾಲದೆ ಕೆಲಸ ನಿಂತಾಗ, ಪರಿಚಯದವರೊಬ್ಬರ ಮೂಲಕ ಮುಖ್ಯಮಂತ್ರಿ ಬಿಧನ್ ಚಂದ್ರ ರಾಯ್ ಅವರವರೆಗೆ ದಾರಿ ಮಾಡಿಕೊಟ್ಟವರು ತಾಯಿ ಸುಪ್ರಭಾ. ಸರ್ಕಾರದ ಹಣ ಬಂತು. ಚಿತ್ರದ ಹೆಸರಿನಲ್ಲಿ 'ಪಥ' ಇದ್ದುದಕ್ಕೋ ಏನೋ, ಲೆಕ್ಕದಲ್ಲಿ ಅದು ರಸ್ತೆ ಸುಧಾರಣೆಯ ಬಾಬ್ತಿಗೆ ಸೇರಿತಂತೆ!

ಬಿಜೊಯಾ ಕೊಟ್ಟದ್ದು ಒಡವೆಯೊಂದನ್ನೇ ಅಲ್ಲ. ಅಪುವಿನ ಪಾತ್ರಕ್ಕೆ ಹುಡುಗ ಸಿಗದೆ ಎಲ್ಲರೂ ಸೋತಿದ್ದಾಗ, ಪಕ್ಕದ ಮನೆಯ ತಾರಸಿಯಲ್ಲಿ ಆಡುತ್ತಿದ್ದ ಸುಬೀರ್ ಬ್ಯಾನರ್ಜಿಯನ್ನು ಕಂಡು ಗುರುತಿಸಿದವರು ಅವರು. ಇಂದಿರ್ ಠಾಕ್ರುಣ್ ಆಗಿ ಬಂದ ಚುನೀಬಾಲಾ ದೇವಿ ರಂಗಭೂಮಿಯನ್ನು ಎಂದೋ ಬಿಟ್ಟಿದ್ದ, ಎಂಬತ್ತರ ಆಸುಪಾಸಿನ ಮುದುಕಿ. ಚಿತ್ರ ತೆರೆಗೆ ಬರುವ ಮೊದಲೇ ತೀರಿಕೊಂಡರು. ಇಷ್ಟು ವರ್ಷಗಳ ನಡುವೆ ಅಪುವಿನ ದನಿ ಒಡೆಯಲಿಲ್ಲ, ದುರ್ಗಾ ದೊಡ್ಡವಳಾಗಲಿಲ್ಲ, ಮುದುಕಿ ಸಾಯಲಿಲ್ಲ, ಇವು ಮೂರೂ ಪವಾಡಗಳು ಎಂದು ರಾಯ್ ಹೇಳುತ್ತಿದ್ದರು. 1955ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ, ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ಚಿತ್ರ ತೆರೆ ಕಂಡಿತು. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಬಂತು. ಜಾಹೀರಾತಿನ ಕೆಲಸ ಹಿಂದೆ ಉಳಿಯಿತು.

ಇನ್ನು ಪುಸ್ತಕಕ್ಕೂ ಸಿನಿಮಾಕ್ಕೂ ಇರುವ ಸಂಬಂಧ. ಬದುಕು ಬದಲಿಸಿದ ಪುಸ್ತಕವನ್ನು ರಾಯ್ ದೇವರಕೋಣೆಯಲ್ಲಿಟ್ಟು ಪೂಜಿಸಲಿಲ್ಲ, ತಾವೂ ಅದನ್ನು ಬದಲಿಸಿದರು. ಕಾದಂಬರಿಯ ಮೊದಲ ಭಾಗದಲ್ಲೇ ಸಾಯುವ ಇಂದಿರ್ ಠಾಕ್ರುಣ್ ಸಿನಿಮಾದಲ್ಲಿ ಮಕ್ಕಳೊಂದಿಗೆ ಬಹುಕಾಲ ಉಳಿಯುತ್ತಾಳೆ. ದುರ್ಗಾಳ ಮೇಲೆ ಬಂದ ಕಳ್ಳತನದ ಆಪಾದನೆ ನಿಜವೆಂದು ಅವಳು ಸತ್ತ ಮೇಲೆ ತಮ್ಮನಿಗೆ ತಿಳಿಯುತ್ತದಲ್ಲ, ಅಲ್ಲಿ ಕಾದಂಬರಿಯಲ್ಲಿರುವುದು ಚಿನ್ನದ ಕುಂಕುಮದ ಭರಣಿ. ಅಪು ಅದನ್ನು ಬಿದಿರ ಮೆಳೆಯೊಳಗೆ ಎಸೆಯುತ್ತಾನೆ. ಸಿನಿಮಾದಲ್ಲಿ ಅದು ಮಣಿಸರ. ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಒಂದು ಕ್ಷಣ ಬಾಯ್ದೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಅಕ್ಕನ ಮಾನವನ್ನು ತಮ್ಮ ಮುಚ್ಚಿದ್ದನ್ನು ಮಾತಿಲ್ಲದೆ ನೀರೇ ಹೇಳುತ್ತದೆ. ಪುಸ್ತಕದ ಮೇಲೆ ಭಯಭಕ್ತಿ ಮಾತ್ರ ಇದ್ದವನಿಗೆ ಈ ಕೊಳ ಹೊಳೆಯುತ್ತಿರಲಿಲ್ಲ. ಹರಿಹರ ಊರಿಂದ ತಂದ ಸೀರೆಯನ್ನು ಸತ್ತ ಮಗಳಿಗೆಂದು ಚಾಚಿದಾಗ ಸರ್ವಜಯಾಳ ಅಳು ನಮಗೆ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ರವಿಶಂಕರರ ಸಂಗೀತದ ತಾರ್ ಶಹನಾಯಿ ಚೀರುತ್ತದೆ. ಹೆತ್ತ ಹೊಟ್ಟೆಯ ಅಳುವಿಗೆ ಮನುಷ್ಯರ ದನಿ ಸಾಲದು ಎಂದು ಆ ಗಂಡಸಿಗೆ ಹೇಗೆ ತಿಳಿಯಿತೋ!

ಆದರೆ ಒಂದು ಕಡೆ ನನಗೆ ಮುಳ್ಳು ಚುಚ್ಚುತ್ತದೆ. ಕಾದಂಬರಿಯ ದುರ್ಗಾ ರೈಲು ಕಾಣದೆಯೇ ಸಾಯುತ್ತಾಳೆ. ಜ್ವರದಲ್ಲಿ ಮಲಗಿ, ಗುಣವಾದ ಮೇಲೆ ಒಂದು ದಿನ ರೈಲು ತೋರಿಸುತ್ತೀಯಾ ಎಂದು ತಮ್ಮನನ್ನು ಕೇಳುತ್ತಾಳೆ. ಸಿನಿಮಾದಲ್ಲಿ ರಾಯ್ ಕರುಣೆ ತೋರಿದರು. ಇಬ್ಬರೂ ರೈಲಿನ ಕಡೆಗೆ ಓಡುತ್ತಾರೆ. ಆದರೆ ಗಮನವಿಟ್ಟು ನೋಡಿ: ದುರ್ಗಾ ನಡುವೆ ಎಡವುತ್ತಾಳೆ, ಹಿಂದೆ ಉಳಿಯುತ್ತಾಳೆ. ಹಳಿಯವರೆಗೆ ಹೋಗುವವನು ಅಪು ಒಬ್ಬನೇ. ತಮ್ಮನನ್ನು ಹುಲ್ಲಿನ ಬಯಲಿಗೆ ಕರೆದೊಯ್ದವಳು ಅವಳು, ಕಂಬಕ್ಕೆ ಕಿವಿಗೊಟ್ಟು ಕೇಳಿದವಳು ಅವಳು. ರೈಲು ದಕ್ಕಿದ್ದು ಅವನಿಗೆ. ಇದನ್ನು ರಾಯ್ ಅವರ ತಪ್ಪೆಂದು ಹೇಳುತ್ತಿಲ್ಲ. ಇದ್ದದ್ದು ಹಾಗೆಯೇ ಎಂದು ಅವರ ಕಣ್ಣು ಕಂಡಿತು. ನನಗೆ ಮಾತ್ರ ಆ ಓಟ ನೋಡುವಾಗಲೆಲ್ಲ ಬಿಜೊಯಾ, ರಮಾ, ಸುಪ್ರಭಾ ನೆನಪಾಗುತ್ತಾರೆ. ಮದುವೆಗೆ ಮೊದಲು ಬಿಜೊಯಾ ತಾವೂ ಹಾಡುತ್ತಿದ್ದರು, ಸಿನಿಮಾದಲ್ಲಿ ಪಾತ್ರ ಮಾಡಿದ್ದರು. ಒಂದು ಪುಸ್ತಕ ಒಬ್ಬರ ಬದುಕನ್ನು ಬದಲಿಸುವಾಗ ಅದರ ಬೆಲೆ ಹಲವರ ಪೆಟ್ಟಿಗೆಯಿಂದ ಹೋಗುತ್ತದೆ.

ಸಮಾಧಾನದ ಸಂಗತಿಯೂ ಒಂದಿದೆ. ಬಿಜೊಯಾ ಕೊನೆಗೆ ತಾವೇ ಲೇಖನಿ ಹಿಡಿದರು. ಗಂಡ 1992ರಲ್ಲಿ ತೀರಿಕೊಂಡ ಮೇಲೆ, ಎಂಬತ್ತು ದಾಟಿದ ವಯಸ್ಸಿನಲ್ಲಿ, 'ಆಮಾದೇರ್ ಕಥಾ' ಎಂಬ ನೆನಪಿನ ಪುಸ್ತಕ ಕೊಟ್ಟರು. 'ನಮ್ಮ ಕಥೆ' ಎಂದು ಅದರ ಅರ್ಥ. ಅವನ ಕಥೆ ಅಲ್ಲ, ನನ್ನ ಕಥೆಯೂ ಅಲ್ಲ, ನಮ್ಮ ಕಥೆ. ಹಿಂದೆ ಉಳಿದಿದ್ದ ದುರ್ಗಾ ಎದ್ದು, ಸೆರಗು ಕೊಡವಿ, ನಿಧಾನವಾಗಿ ಹಳಿಯವರೆಗೆ ನಡೆದು ಬಂದಂತಾಯಿತು ನನಗೆ. 2015ರಲ್ಲಿ ಆಕೆ ತೀರಿಕೊಂಡರು.

ಹಾಗಾದರೆ ಪುಸ್ತಕ ಬದುಕನ್ನು ಬದಲಿಸುತ್ತದೆಯೇ? ಬದಲಿಸುತ್ತದೆ, ಸುಮ್ಮನೆ ಓದಿ ಮುಚ್ಚಿದರೆ ಅಲ್ಲ. ಕೈಯಲ್ಲಿ ಏನಾದರೂ ಕೆಲಸ ಹಿಡಿದು ಅದರೊಳಗೆ ಹೋಗಬೇಕು: ಒಂದು ಗೆರೆ ಎಳೆಯುವುದು, ಒಂದು ಸಾಲು ಬರೆಯುವುದು, ರಾತ್ರಿ ಮಕ್ಕಳಿಗೆ ನಮ್ಮ ಮಾತಿನಲ್ಲಿ ಹೇಳುವುದು, ಏನಾದರೂ ಸರಿ. ಆ ಮೇಲೆ ಮನೆಯವರು ಸ್ವಲ್ಪ ಹೊತ್ತು ಹಾಲಿನ ಪಾತ್ರೆ ನೋಡಿಕೊಳ್ಳಬೇಕು. ರಾಯ್ ಅವರಿಗೆ ಅದನ್ನು ನೋಡಿಕೊಳ್ಳಲು ತಾಯಿಯಿದ್ದರು, ಹೆಂಡತಿಯಿದ್ದರು. ನಮ್ಮ ಮನೆಯ ದುರ್ಗಾ ಪುಸ್ತಕ ಹಿಡಿದು ಕೂತಾಗ ಎದ್ದು ಹೋಗಿ ಒಲೆ ಆರಿಸುವವರು ಯಾರು?