ಸುರಂಗ ರೈಲಿನಲ್ಲಿ ಚರ್ಚಿಲ್

'ಡಾರ್ಕೆಸ್ಟ್ ಅವರ್' (2017) ಚಿತ್ರವನ್ನು ನಾನು ನೋಡಿದ್ದು ನೈರೋಬಿಯಲ್ಲಿ. ಯಾವ ಊರಾದರೇನು, ಸಿನಿಮಾ ಅದೇ ತಾನೆ ಎನ್ನಬಹುದು. ಆದರೆ ಇಲ್ಲಿನ ಕಿಮಾಥಿ ಬೀದಿಯಲ್ಲಿ ಬಂದೂಕು ಹಿಡಿದು ನಿಂತ ಡೆಡಾನ್ ಕಿಮಾಥಿಯ ಪ್ರತಿಮೆಯಿದೆ. ಮೌ ಮೌ ಹೋರಾಟದ ಈ ನಾಯಕನನ್ನು ಬ್ರಿಟಿಷರು 1957ರಲ್ಲಿ ಗಲ್ಲಿಗೇರಿಸಿದರು. ಆ ಹೋರಾಟವನ್ನು ಹತ್ತಿಕ್ಕಲು 1952ರಲ್ಲಿ ಕೀನ್ಯಾದ ಮೇಲೆ ತುರ್ತುಪರಿಸ್ಥಿತಿ ಹೇರಿದಾಗ ಪ್ರಧಾನಿಯಾಗಿದ್ದವರು ಇದೇ ಚರ್ಚಿಲ್.

ಗ್ಯಾರಿ ಓಲ್ಡ್‌ಮನ್ ಆ ಪಾತ್ರದಲ್ಲಿ ಕರಗಿಹೋಗಿದ್ದಾರೆ. ಗೊಣಗಾಟ, ಸಿಗಾರು, ಒಂಟಿಯಾಗಿದ್ದಾಗ ಕಣ್ಣಲ್ಲಿ ಇಣುಕುವ ಭಯ, ಎಲ್ಲವೂ ನಂಬುವಂತಿವೆ. ಅವರಿಗೆ ಬಂದ ಆಸ್ಕರ್ ಬಗ್ಗೆ ನನ್ನ ತಕರಾರಿಲ್ಲ.

ಲೆಕ್ಕ ಪರಿಶೋಧಕನಾದ ನಾನು ಮೊದಲು ನೋಡುವುದು ಅವಧಿಯನ್ನು. ನಿರ್ದೇಶಕ ಜೋ ರೈಟ್ ಆರಿಸಿಕೊಂಡಿರುವುದು 1940ರ ಮೇ ತಿಂಗಳ ಆಸುಪಾಸಿನ ಕೆಲವೇ ವಾರಗಳನ್ನು. ಹಾಗಾಗಿ 1943ರ ಬಂಗಾಳದ ಬರಗಾಲ ಎಲ್ಲಿ ಎಂದು ಈ ಚಿತ್ರವನ್ನು ಕೇಳುವುದು ಸರಿಯಲ್ಲ. ಸಂಧಾನ ಮಾಡೋಣ ಎನ್ನುವ ಹ್ಯಾಲಿಫ್ಯಾಕ್ಸ್ ಇಲ್ಲಿ ಬಹುಮಟ್ಟಿಗೆ ಖಳ. ನಮ್ಮ ಶಾಲಾ ಪಠ್ಯದ ಲಾರ್ಡ್ ಇರ್ವಿನ್ ಇವರೇ, 1931ರಲ್ಲಿ ಗಾಂಧೀಜಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿದವರು. ಅದೇ ಗಾಂಧೀಜಿಯನ್ನು ಅರೆಬೆತ್ತಲೆ ಫಕೀರ ಎಂದು ಹಂಗಿಸಿದವರು ಚರ್ಚಿಲ್. ಇದು ಗೊತ್ತಿರುವ ನಮ್ಮಂಥವರಿಗೆ ಚಿತ್ರದ ನಾಯಕ, ಖಳ ಇಬ್ಬರೂ ಸ್ವಲ್ಪ ಅದಲುಬದಲಾಗಿ ಕಾಣುತ್ತಾರೆ.

ಇಷ್ಟನ್ನೂ ಒಪ್ಪಿದೆ. ಒಪ್ಪಲಾಗದ್ದು ಸುರಂಗ ರೈಲಿನ ದೃಶ್ಯ. ಕಾರಿನಿಂದಿಳಿದು ರೈಲು ಹತ್ತುವ ಚರ್ಚಿಲ್, ಶರಣಾಗೋಣವೇ ಎಂದು ಪ್ರಯಾಣಿಕರನ್ನು ಕೇಳುತ್ತಾರೆ. ಮಗುವಿನಿಂದ ಹಿಡಿದು ಎಲ್ಲರದೂ 'ಎಂದಿಗೂ ಇಲ್ಲ' ಎಂಬ ಉತ್ತರ. ಚರ್ಚಿಲ್ ಮೆಕಾಲೆಯ ಪದ್ಯವೊಂದನ್ನು ಶುರು ಮಾಡಿದರೆ, ಕಪ್ಪು ವರ್ಣದ ಯುವಕನೊಬ್ಬ ಅದನ್ನು ಮುಗಿಸುತ್ತಾನೆ. ಚರ್ಚಿಲ್ ಕಣ್ಣು ಒದ್ದೆಯಾಗುತ್ತದೆ. ನನ್ನ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಈ ಪ್ರಯಾಣ ನಡೆದೇ ಇಲ್ಲ, ಪೂರಾ ಕಲ್ಪನೆ. ಅವಧಿಯಾಚೆಗಿನದನ್ನು ಬಿಡುವುದು ಬೇರೆ, ನಡೆಯದ ವ್ಯವಹಾರವನ್ನು ಖಾತೆಗೆ ಬರೆಯುವುದು ಬೇರೆ. ಅದೂ ಯಾರ ಹೆಸರಿನಲ್ಲಿ? ಕಪ್ಪು ಜನ ತಮ್ಮನ್ನು ತಾವೇ ಆಳಿಕೊಳ್ಳಬಲ್ಲರೆಂದು ನಂಬದ ನಾಯಕನಿಗೆ ಕಪ್ಪು ಯುವಕನೊಬ್ಬನ ಮೆಚ್ಚುಗೆಪತ್ರ! ಪದ್ಯವಾದರೋ, 1835ರಲ್ಲಿ ಭಾರತಕ್ಕೆ ಇಂಗ್ಲಿಷ್ ಶಿಕ್ಷಣ ಬೇಕೆಂದು ವಾದಿಸಿದ ಅದೇ ಮೆಕಾಲೆಯದು. ಚಿತ್ರಕಥೆ ಬರೆದವರಿಗೆ ಈ ವ್ಯಂಗ್ಯ ಹೊಳೆದಂತಿಲ್ಲ.

ಮೌ ಮೌ ಕಾಲದಲ್ಲಿ ಚಿತ್ರಹಿಂಸೆ ಅನುಭವಿಸಿದ 5,228 ಕೀನ್ಯನ್ನರಿಗಾಗಿ ಬ್ರಿಟನ್ 2013ರಲ್ಲಿ, ದಾವೆಯ ಖರ್ಚೂ ಸೇರಿ, 1.99 ಕೋಟಿ ಪೌಂಡ್ ಕೊಡಲು ಒಪ್ಪಿತು. ಅವರಲ್ಲೊಬ್ಬರು ಆ ಬೋಗಿಯಲ್ಲಿದ್ದಿದ್ದರೆ ಏನು ಹೇಳುತ್ತಿದ್ದರೋ.

ಓಲ್ಡ್‌ಮನ್‌ಗಾಗಿ ಈ ಚಿತ್ರವನ್ನು ಇನ್ನೊಮ್ಮೆ ನೋಡಿಯೇನು. ರೈಲು ಬಂದಾಗ ಮಾತ್ರ ಕಾಫಿಗೆ ಏಳುತ್ತೇನೆ.